ಬಂಡಪಲ್ಲಿಗೆ ಬಾರದ ಡಂಗೂರ

ಕೋಲಾರ
೧೫ ಏಪ್ರಿಲ್ ೧೯೭೯

ಅಕ್ಕ ಭಾರತಮ್ಮನಿಗೆ ತಮ್ಮ ವೆಂಕಟರಾಯಪ್ಪನ ನಮಸ್ಕಾರ.

ಈ ತಿಂಗಳ ಎರಡನೆಯ ತಾರೀಕಿನಿಂದ ನನ್ನನ್ನು ಮಾಲೂರಿನಿಂದ ಕೋಲಾರದ ಕಚೇರಿಯೊಂದಕ್ಕೆ ಹಾಕಿದ್ದಾರೆ. ಮೂರು ತಿಂಗಳ ಬರವಣಿಗೆ ಕೆಲಸ. ಶಾಮಲ ಮತ್ತು ಮಗು ಮಾಲೂರಿನಲ್ಲೇ ಇದ್ದಾರೆ. ಬಸ್ ನಿಲ್ದಾಣದ ಹಿಂದೆ ಒಂದು ಕೋಣೆ ಹಿಡಿದಿದ್ದೇನೆ. ಕೆಲಸ ಯಾವುದೆಂದು ಬರೆಯುವುದಿಲ್ಲ. ಕಚೇರಿಯ ಸಂಗತಿಯನ್ನು ಮನೆಯವರಿಗೆ ಬರೆಯಬಾರದೆಂಬುದು ನೌಕರಿಗೆ ಸೇರಿದ ದಿನ ಹಾಕಿಕೊಂಡ ನಿಯಮ. ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಮುರಿದಿಲ್ಲ.

ಸಂಜೆ ವಾಚನಾಲಯಕ್ಕೆ ಹೋಗಿ ಎರಡು ಪತ್ರಿಕೆ ಓದುತ್ತೇನೆ. ಓದುವಾಗೆಲ್ಲ ಸಂಕ್ರಾಂತಿಗೆ ನಿಮ್ಮೂರಿಗೆ ಬಂದದ್ದು ನೆನಪಾಗುತ್ತದೆ. ಚಾವಡಿಯ ಜಗಲಿಯಲ್ಲಿ ರೇಡಿಯೋ ಸುತ್ತ ಇಪ್ಪತ್ತು ಜನ, ಕಡಪ ಕೇಂದ್ರದ ತೆಲುಗು ವಾರ್ತೆ. ಹೈದರಾಬಾದಿನಲ್ಲಿ ಯಾವ ಮಂತ್ರಿಗೆ ಯಾವ ಖಾತೆ ಎಂದು ಗಂಗುಲಪ್ಪ ಭಾವ ಬೆರಳು ಮಡಿಸಿ ಹೇಳಿದರು. ನಮ್ಮ ಬೆಂಗಳೂರಿನಲ್ಲಿ ಕಂದಾಯ ಮಂತ್ರಿ ಯಾರು ಎಂದು ನಾನು ಕೇಳಿದೆ. "ಯಾರಾದ್ರೇನು ಬಿಡು ಬಾಮೈದ. ನಮ್ಮೂರಿಗೆ ಬಸ್ಸೇ ಬರಲ್ಲ, ಮಂತ್ರಿ ಬರ್ತಾನಾ?" ಎಂದರು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ತಿಳಿಯುವ ದಾರಿಯಿಲ್ಲದೆ ಅಜ್ಞಾನಿಗಳಾಗಿ ಉಳಿದವರು ಬೇರೆ, ತಿಳಿಯುವ ಮನಸ್ಸಿಲ್ಲದೆ ಉಳಿದವರು ಬೇರೆ. ನಿಮ್ಮೂರು ಎರಡನೆಯ ಬಗೆ. ಇಂಥವರ ಓಟಿನಿಂದ ದೇಶ ನಡೆಯಬೇಕು. ಬೇಸರ ಮಾಡಿಕೊಳ್ಳಬೇಡ, ಅನ್ನಿಸಿದ್ದನ್ನು ಬರೆದೆ.

ವೆಂಕಟರಾಯಪ್ಪ


ಬಂಡಪಲ್ಲಿ, ಗೌನಿಪಲ್ಲಿ ಅಂಚೆ
೨೪ ಏಪ್ರಿಲ್ ೧೯೭೯

ಚಿರಂಜೀವಿ ವೆಂಕಟರಾಯಪ್ಪನಿಗೆ ಅಕ್ಕನ ಆಶೀರ್ವಾದ. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ.

ನಿನ್ನ ಕಾಗದವನ್ನು ನಿನ್ನ ಭಾವನಿಗೆ ಓದಿ ಹೇಳಿದೆ. ಅಜ್ಞಾನಿ ಎಂಬ ಮಾತು ಬಂದಾಗ "ಅಂದ್ರೆ ಏನೇ?" ಎಂದರು. "ದಡ್ಡ ಅಂತ" ಎಂದೆ. "ಅಷ್ಟು ಹೇಳೋಕೆ ಇಷ್ಟುದ್ದ ಕಾಗದ ಯಾಕೆ? ಕಾರ್ಡಲ್ಲೇ ಬರೀಬಹುದಾಗಿತ್ತಲ್ಲ" ಎಂದು ನಕ್ಕರು. ಬೇಸರವೇನೂ ಇಲ್ಲ.

ಆದರೆ ನೀನೂ ಒಂದು ಮಾತು ತಿಳಿದುಕೋ. ಬೆಂಗಳೂರು ಕೇಂದ್ರ ಹಾಕಿದರೆ ಇಲ್ಲಿ ಬರೀ ಗೊರಗೊರ ಸದ್ದು. ಪತ್ರಿಕೆ ಗೌನಿಪಲ್ಲಿವರೆಗೆ ಬಂದು ಅಲ್ಲೇ ಬೋಂಡದ ಕಾಗದವಾಗುತ್ತದೆ. ಇಲ್ಲಿಯವರ ಮನೆಮಾತು ತೆಲುಗು. ಹೆಂಗಸರಲ್ಲಿ ಕನ್ನಡ ಓದಬಲ್ಲವಳು ತವರು ಹೋಳೂರಿನಲ್ಲಿ ಏಳನೆಯ ತರಗತಿ ಮುಗಿಸಿ ಬಂದ ನಾನೊಬ್ಬಳೇ. ಕಡಪ ರೇಡಿಯೋ ಸಿಕ್ಕುತ್ತದೆ, ಅದನ್ನು ಕೇಳುತ್ತಾರೆ.

ಕೇಳಬೇಕಾದದ್ದು ಬೇರೆ ಇದೆ. ನಾವು ಮಾಡುತ್ತಿರುವ ಮೂರು ಎಕರೆ ಮಾವಿನ ತೋಟ ಮುನಿರಾಮಪ್ಪನವರ ಹೆಸರಿನಲ್ಲಿದೆ. ಗಿಡ ನೆಟ್ಟವರು ನಮ್ಮ ಮಾವನವರು. ಮೂವತ್ತು ವರ್ಷದಿಂದ ಪ್ರತಿ ಫಸಲಿನಲ್ಲೂ ಅರ್ಧ ಅವರಿಗೆ ಕೊಡುತ್ತಿದ್ದೇವೆ. ಉಳುವವನಿಗೇ ಭೂಮಿ ಕೊಡುವ ಏಳನೆಯ ನಮೂನೆ ಅರ್ಜಿಯನ್ನು ನಾವಿನ್ನೂ ಹಾಕಿಲ್ಲ. ಮರೆತು ಬಿಟ್ಟದ್ದಲ್ಲ. ಹಾಕಿದ ದಿನವೇ ಅವರು ಕಾವಲು ಕೂರಿಸಿ ಕಾಯಿ ಇಳಿಸಲು ಬಿಡುವುದಿಲ್ಲ; ಹೋದ ವರ್ಷ ಪಕ್ಕದ ಊರಿನಲ್ಲಿ ಹಾಗೇ ಆಯಿತು. ನೀಲಂ ಕಾಯಿ ಜುಲೈ ನಡುವಿಗೆ ಮುಗಿಯುತ್ತದೆ. ಮುಗಿದ ವಾರದಲ್ಲಿ ಹಾಕೋಣವೆಂದು ನಿನ್ನ ಭಾವನ ಲೆಕ್ಕ. ಗಡುವು ಈಗಾಗಲೇ ಕೆಲವು ಸಲ ಮುಂದಕ್ಕೆ ಹೋಗಿದೆ. ರೈತರ ಅರ್ಜಿಗೆ ಡಿಸೆಂಬರ್‌ವರೆಗೆ ಗಡುವು ಕೊಟ್ಟಿದ್ದಾರೆಂದು ಮೊನ್ನೆ ಕಡಪ ರೇಡಿಯೋದಲ್ಲಿ ಬಂತಂತೆ. ಅದು ನಮಗೂ ಸೇರುತ್ತದೆಯೇ? ನೀನು ಕಚೇರಿಯವನು. ಒಂದು ಸಾಲು ಬರೆ.

ನಿನ್ನ ಅಕ್ಕ
ಭಾರತಮ್ಮ


ಕೋಲಾರ
೫ ಮೇ ೧೯೭೯

ಅಕ್ಕನಿಗೆ ನಮಸ್ಕಾರ.

ರೇಡಿಯೋ ಮಾತು ಬಿಡಿ. ಅದು ಬೇರೆ ರಾಜ್ಯದ, ಬೇರೆ ಯಾವುದೋ ಅರ್ಜಿಯ ಗಡುವು. ನಿಮಗೆ ಸೇರುವುದಿಲ್ಲ. ನಾನು ಹೇಳುತ್ತಿದ್ದದ್ದು ಇದನ್ನೇ.

ಇಲ್ಲಿಯ ಗಡುವಿನ ವಿಷಯ. ಕಚೇರಿಯಲ್ಲಿ ನನ್ನ ಕಣ್ಣಿಗೆ ಬಿದ್ದದ್ದನ್ನು ಖಾಸಗಿಯಾಗಿ ಬರೆಯುವುದು ಸರಿಯಲ್ಲ. ಹಾಗೆ ಬರೆಯಬೇಕಾದ ಅಗತ್ಯವೂ ಇಲ್ಲ. ಕೊನೆಯ ದಿನ ಯಾವುದೇ ಆಗಲಿ, ಪ್ರತಿ ಊರಿನಲ್ಲೂ ಡಂಗೂರ ಸಾರಿಸಬೇಕು, ಚಾವಡಿಯ ಗೋಡೆಗೆ ಪ್ರಕಟಣೆ ಅಂಟಿಸಬೇಕು, ಹಾಗೆ ಮಾಡಿದ್ದಕ್ಕೆ ಮಹಜರು ಬರೆದು ಫೈಲಿಗೆ ಸೇರಿಸಬೇಕು. ಅದಾಗದೆ ಮುಂದಿನ ಹೆಜ್ಜೆಯಿಲ್ಲ. ಇದು ನಿಯಮ. ನಿಮ್ಮೂರಿನಲ್ಲಿ ಡಂಗೂರ ಕೇಳಿಸಿದ ದಿನ ಅರ್ಜಿ ಹಾಕಿ. ಅಲ್ಲಿಯವರೆಗೆ ಕಟ್ಟೆಯ ಮಾತಿಗೆ ಕಿವಿ ಕೊಡಬೇಡಿ.

ಕಾಯಿ ಇಳಿಸಿದ ಮೇಲೆ ಮಗುವಿಗೆ ನಾಲ್ಕು ರಸಪುರಿ ಕಳಿಸು.

ವೆಂಕಟರಾಯಪ್ಪ


ಬಂಡಪಲ್ಲಿ
೧೯ ಜೂನ್ ೧೯೭೯

ಚಿರಂಜೀವಿ ವೆಂಕಟರಾಯಪ್ಪನಿಗೆ ಆಶೀರ್ವಾದ.

ಹಣ್ಣಿನ ಬುಟ್ಟಿಯನ್ನು ಮಾಲೂರಿಗೇ ಲಾರಿಯವರ ಕೈಲಿ ಕಳಿಸಿದ್ದೇನೆ. ಮೇಲಿನ ಪದರ ರಸಪುರಿ, ಕೆಳಗಿನದು ಬಾದಾಮಿ. ಬಾದಾಮಿಯನ್ನು ಇನ್ನೂ ನಾಲ್ಕು ದಿನ ಹುಲ್ಲಿನಲ್ಲಿಡಲು ಶಾಮಲನಿಗೆ ಹೇಳು. ಈ ಸಲ ಕಾಯಿ ಚೆನ್ನಾಗಿ ಹಿಡಿದಿದೆ. ತೋತಾಪುರಿ ಅರ್ಧ ಇಳಿಸಿದ್ದೇವೆ, ನೀಲಂ ಮರದಲ್ಲೇ ಇದೆ.

ಡಂಗೂರ ಇನ್ನೂ ಬಂದಿಲ್ಲ. ನೀನು ಹೇಳಿದಂತೆ ಕಾಯುತ್ತಿದ್ದೇವೆ. ನಿನ್ನ ಭಾವ ದಿನಾ ಬೆಳಗ್ಗೆ ತೋಟಕ್ಕೆ ಹೊರಡುವ ಮುಂಚೆ "ತಮಟೆ ಸದ್ದು ಕೇಳಿಸಿದ್ರೆ ಹೇಳಿ ಕಳಿಸೇ" ಎನ್ನುತ್ತಾರೆ. ಮದುವೆಯ ತಮಟೆಗೂ ಒಮ್ಮೆ ಓಡಿ ಬಂದರು.

ಒಂದು ವಿಚಿತ್ರ ನಡೆಯಿತು. ನಮ್ಮೂರ ತೋಟಿ ಕದಿರಪ್ಪ ಗೊತ್ತಲ್ಲ, ಇಲ್ಲಿ ಡಂಗೂರ ಸಾರುವವನು ಅವನೇ. ಹೋದ ವಾರ ಅವನನ್ನು ಕೋಲಾರಕ್ಕೆ ಕರೆಸಿಕೊಂಡಿದ್ದರಂತೆ.

"ನಲವತ್ತು ಊರಿನ ತೋಟಿಗಳಮ್ಮ. ವರಾಂಡದಾಗೆ ಸಾಲಾಗಿ ನಿಲ್ಲಿಸಿ ಹೆಬ್ಬೆಟ್ಟು ಒತ್ತಿಸಿದ್ರು. ಬರೆಯೋರು ಒಳಗಿದ್ರು, ಮೊಖ ಕಾಣಲಿಲ್ಲ. ಒಬ್ಬೊಬ್ಬರಿಗೂ ಒಂದು ಬನ್ನು, ಒಂದು ಟೀ."

"ಯಾತಕ್ಕೆ ಅಂತ ಕೇಳಲಿಲ್ವಾ ಕದಿರಪ್ಪಾ?"

"ಕೇಳ್ದೆ. ನಿನ್ನದು ಯಾವ ಊರು ಅಂದ್ರು. ಬಂಡಪಲ್ಲಿ ಅಂದೆ. ಹಂಗಾದ್ರೆ ಇಲ್ಲಿ ಒತ್ತು ಅಂದ್ರು."

ಇಂಕು ಮೂರು ದಿನ ಹೋಗಲಿಲ್ಲವೆಂದು ಹೆಬ್ಬೆರಳು ತೋರಿಸಿದ. ನೀನಿರುವ ಊರಿನಲ್ಲೇ ನಡೆದದ್ದು. ಏನೆಂದು ನಿನಗೆ ಗೊತ್ತೇ? ಕಚೇರಿಯ ಸಂಗತಿಯಾದರೆ ಬರೆಯಬೇಡ.

ಭಾರತಮ್ಮ


ಮಾಲೂರು
೪ ಜುಲೈ ೧೯೭೯

ಅಕ್ಕನಿಗೆ ನಮಸ್ಕಾರ.

ನಿನ್ನ ಪತ್ರ ಜೂನ್ ಇಪ್ಪತ್ತಮೂರಕ್ಕೇ ಬಂತು. ಕೆಲಸದ ಒತ್ತಡದಲ್ಲಿ ಉತ್ತರ ತಡವಾಯಿತು. ಕೋಲಾರದ ಕೆಲಸ ಮೊನ್ನೆ ಶನಿವಾರ, ಮೂವತ್ತನೆಯ ತಾರೀಕಿಗೆ ಮುಗಿಯಿತು. ಭಾನುವಾರ ಮಾಲೂರಿಗೆ ಬಂದೆ. ಇಷ್ಟು ಊರುಗಳ ಕಾಗದ ಒಂದೂ ಚಿತ್ತಿಲ್ಲದೆ ಮುಗಿಸಿದ್ದೇನೆಂದು ಮೇಲಿನವರು ಎಲ್ಲರೆದುರು ಹೇಳಿದರು. ಮೊದಲ ದರ್ಜೆ ಗುಮಾಸ್ತನ ಬಡ್ತಿಗೆ ಶಿಫಾರಸು ಹೋಗಿದೆ.

ಹಣ್ಣು ಬಂತು. ಮಗು ಬಹಳ ಇಷ್ಟಪಟ್ಟಿತು. ಬಾದಾಮಿ ಎರಡು ಕೊಳೆತಿತ್ತು, ಉಳಿದದ್ದೆಲ್ಲ ಚೆನ್ನಾಗಿತ್ತು.

ಕದಿರಪ್ಪನ ವಿಷಯ ನನಗೆ ತಿಳಿಯದು.

ಮಳೆ ಹೇಗಿದೆ? ಭಾವನ ಮಂಡಿನೋವಿಗೆ ಒಂದು ಎಣ್ಣೆ ತಂದಿಟ್ಟಿದ್ದೇನೆ, ಯಾರಾದರೂ ಬಂದಾಗ ಕಳಿಸುತ್ತೇನೆ.

ವೆಂಕಟರಾಯಪ್ಪ


ಬಂಡಪಲ್ಲಿ
೯ ಆಗಸ್ಟ್ ೧೯೭೯

ವೆಂಕಟರಾಯಪ್ಪನಿಗೆ ಆಶೀರ್ವಾದ.

ಕೊನೆಯ ನೀಲಂ ಕಾಯಿ ಜುಲೈ ಹತ್ತೊಂಬತ್ತಕ್ಕೆ ಇಳಿಯಿತು. ಡಂಗೂರ ಬರದಿದ್ದರೂ ಇನ್ನು ಕಾಯುವುದು ಬೇಡವೆಂದು ಇಪ್ಪತ್ತಮೂರಕ್ಕೆ ನಾನೂ ನಿನ್ನ ಭಾವನೂ ಅರ್ಜಿ ಹಿಡಿದು ಕಚೇರಿಗೆ ಹೋದೆವು. ನಾನೇ ತುಂಬಿದ್ದೆ, ಒಂದೂ ತಪ್ಪಿರಲಿಲ್ಲ. ಕಿಟಕಿಯ ಒಳಗಿದ್ದವರು ಅದನ್ನು ಮುಟ್ಟಲೇ ಇಲ್ಲ.

"ಮುಗೀತಮ್ಮ. ಜೂನ್ ಮೂವತ್ತೇ ಕೊನೆ. ಇನ್ನು ತಗೊಳ್ಳೋ ಹಂಗಿಲ್ಲ."

"ಡಂಗೂರ ಆಗಲಿಲ್ಲವಲ್ಲ ಸ್ವಾಮಿ?"

ಫೈಲು ತೆಗೆದು ನೋಡಿದರು. "ಆಗಿದೆ. ಬಂಡಪಲ್ಲಿ, ಜೂನ್ ಹನ್ನೊಂದು, ಬೆಳಗ್ಗೆ ಹತ್ತು ಗಂಟೆ."

"ನಮ್ಮೂರಲ್ಲಿ ಆಗಲಿಲ್ಲ ಸ್ವಾಮಿ, ನಾವು ಅಲ್ಲೇ ಇದ್ವಿ."

"ನೋಡ್ರಪ್ಪ, ನಿಮ್ಮೂರಲ್ಲಿ ಆಗಿದ್ದು ನಿಮಗೇ ಗೊತ್ತಿಲ್ಲ, ಇಲ್ಲಿ ಕೂತಿರೋ ನಮಗೆ ಗೊತ್ತು!" ಎಂದರು. ಪಕ್ಕದ ಮೇಜಿನವರು ನಕ್ಕರು. ನಿನ್ನ ಭಾವನೂ ನಕ್ಕರು. ಅಂಥ ಕಡೆ ನಗಬೇಕಾಗುತ್ತದೆಂದು ಅವರಿಗೆ ಗೊತ್ತಿದೆ.

ಮುನಿರಾಮಪ್ಪನವರಿಗೆ ಸುದ್ದಿ ಮುಟ್ಟಲು ಎರಡು ದಿನ ಸಾಕಾಯಿತು. ಮನೆಗೇ ಬಂದು ಕಾಫಿ ಕುಡಿದು, "ಗಂಗುಲಪ್ಪ, ನಿಮ್ಮಪ್ಪ ಇದ್ದಿದ್ರೆ ಹಿಂಗೆ ಮಾಡ್ತಿರಲಿಲ್ಲ. ಬರೋ ಯುಗಾದಿಗೆ ತೋಟ ಬಿಟ್ಟುಬಿಡಪ್ಪಾ" ಎಂದು ಹೇಳಿ ಹೋದರು.

ಕೋಲಾರದ ವಕೀಲರನ್ನು ಕಂಡೆವು. ಡಂಗೂರ ಆಗಲೇ ಇಲ್ಲವೆಂದು ತೋರಿಸಿದರೆ ಕೋರ್ಟು ಕೇಳಬಹುದು, ಕೇಳದೆಯೂ ಇರಬಹುದು, ಮೊದಲು ಆ ಮಹಜರಿನ ನಕಲು ತನ್ನಿ ಎಂದರು. ನೀನು ಮೂರು ತಿಂಗಳು ಅಲ್ಲೇ ಇದ್ದವನು. ನಕಲು ತೆಗೆಸಿ ಕಳಿಸು.

ಭಾರತಮ್ಮ


ಮಾಲೂರು
೨ ಸೆಪ್ಟೆಂಬರ್ ೧೯೭೯

ಅಕ್ಕನಿಗೆ ನಮಸ್ಕಾರ.

ಆದದ್ದು ಕೇಳಿ ದುಃಖವಾಯಿತು. ಆದರೆ ದುಃಖ ಬೇರೆ, ನ್ಯಾಯ ಬೇರೆ. ಅರ್ಜಿ ಹಾಕಲು ಐದು ವರ್ಷ ಇತ್ತು. ಕಾನೂನು ಗೊತ್ತಿರಲಿಲ್ಲ ಎಂಬ ಕಾರಣವನ್ನು ಯಾವ ಕೋರ್ಟೂ ಒಪ್ಪುವುದಿಲ್ಲ. ಒಪ್ಪಿದರೆ ನಾಳೆಯಿಂದ ಎಲ್ಲರೂ ಗೊತ್ತಿರಲಿಲ್ಲ ಎನ್ನುತ್ತಾರೆ. ಹೊರಗಿನ ರೇಡಿಯೋ ಕೇಳುತ್ತ ಕೂತ ಊರಿಗೆ ತಮಟೆ ಕೇಳಿಸದೇ ಹೋಗಿದ್ದರೆ ಆಶ್ಚರ್ಯವಿಲ್ಲ.

ನಕಲಿನ ಗೋಜಿಗೆ ಹೋಗಬೇಡ. ಹಳೆಯ ಕಾಗದ ಕೆದಕಿದರೆ ಊರಿನವರಿಗೇ ತೊಂದರೆ. ಮುನಿರಾಮಪ್ಪನವರು ಕೆಟ್ಟವರಲ್ಲ. ಇನ್ನೆರಡು ಫಸಲಿಗೆ ಅವಕಾಶ ಕೇಳಿ. ಬೇಕಾದರೆ ನಾನೇ ಬಂದು ಅವರೊಡನೆ ಮಾತಾಡುತ್ತೇನೆ.

ವೆಂಕಟರಾಯಪ್ಪ


ಬಂಡಪಲ್ಲಿ
೧೪ ನವೆಂಬರ್ ೧೯೭೯

ವೆಂಕಟರಾಯಪ್ಪ,

ನಾಲ್ಕು ಸಲ ಅಲೆದು ನಕಲು ತಂದೆ. ಕೈಬರಹದ ಹಾಳೆಯ ಪಡಿಯಚ್ಚು ಅದು. ವಕೀಲರು ಓದಲು ಹೋದಾಗ "ಕೊಡಿ ಸ್ವಾಮಿ, ಈ ಅಕ್ಷರ ನನಗೆ ಬೇಗ ಓದಕ್ಕೆ ಬರುತ್ತೆ" ಎಂದೆ. ಹನ್ನೊಂದು ವರ್ಷದಿಂದ ಓದುತ್ತಿದ್ದೇನೆ. ಒತ್ತಕ್ಷರವನ್ನು ಕೆಳಗಿನ ಸಾಲು ಮುಟ್ಟುವವರೆಗೆ ಎಳೆಯುವವನು ನೀನೊಬ್ಬನೇ.

ಚೆನ್ನಾಗಿ ಬರೆದಿದ್ದೀಯೆ. "ಸದರಿ ಗ್ರಾಮದಲ್ಲಿ ತೋಟಿಯ ಮೂಲಕ ಡಂಗೂರ ಸಾರಿಸಲಾಗಿ, ಗ್ರಾಮಸ್ಥರು ಗಂಡಸರು ಹೆಂಗಸರಾದಿಯಾಗಿ ಗುಂಪುಗೂಡಿ ಕೇಳಿ, ವಿಷಯವನ್ನು ಚೆನ್ನಾಗಿ ಮನನ ಮಾಡಿಕೊಂಡರು." ಹೆಂಗಸರು ಎಂದು ಬರೆಯುವಾಗ ನನ್ನ ನೆನಪು ಬಂತೇ? ಜೂನ್ ಹನ್ನೊಂದು ಸೋಮವಾರ. ಅಂದು ಬೆಳಗ್ಗೆ ಹತ್ತಕ್ಕೆ ನಾನು ತೋಟದಲ್ಲಿ ನಿನ್ನ ಮಗುವಿಗೆ ಕಳಿಸುವ ರಸಪುರಿಯನ್ನು ಆರಿಸಿಡುತ್ತಿದ್ದೆ.

ರೇಡಿಯೋ ನಂಬಬೇಡ ಎಂದೆ, ನಂಬಲಿಲ್ಲ. ಕಟ್ಟೆಯ ಮಾತು ಕೇಳಬೇಡ ಎಂದೆ, ಕೇಳಲಿಲ್ಲ. ಡಂಗೂರಕ್ಕೆ ಕಾಯಿರಿ ಎಂದೆ, ಕಾದೆವು. ನಮಗೆ ತಿಳಿಯುವ ಮನಸ್ಸಿಲ್ಲವೆಂದು ಬರೆದವನು ನೀನು. ಏಪ್ರಿಲ್ ಇಪ್ಪತ್ತನಾಲ್ಕಕ್ಕೆ ನಾನು ಒಂದು ಸಾಲು ಕೇಳಿದ್ದೆ. ಆ ತಾರೀಕು ಆಗ ನಿನ್ನ ಮೇಜಿನ ಮೇಲಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಜೂನ್ ಇಪ್ಪತ್ತಮೂರಕ್ಕಂತೂ ಇತ್ತು.

ನಿನ್ನ ಭಾವನಿಗೆ ಕನ್ನಡ ಓದಲು ಬಾರದು. ಅದು ಯಾರ ಅಕ್ಷರವೆಂದು ನಾನು ಹೇಳಿಲ್ಲ. ನಿನ್ನ ಮರ್ಯಾದೆಗಾಗಿ ಎಂದುಕೊಳ್ಳಬೇಡ. ಹೇಳಿದರೆ ಅವರು ನಗುವುದನ್ನು ನಾನು ನೋಡಬೇಕಾಗುತ್ತದೆ.

ಎಣ್ಣೆ ಕಳಿಸಬೇಡ.

ಭಾರತಮ್ಮ


ಮುಳಬಾಗಿಲು
೧೦ ಫೆಬ್ರವರಿ ೧೯೮೧

ಅಕ್ಕನಿಗೆ ನಮಸ್ಕಾರ.

ಹದಿನೈದು ತಿಂಗಳಾಯಿತು. ಮೊದಲ ದರ್ಜೆ ಆಗಿ ಇಲ್ಲಿಗೆ ವರ್ಗವಾಗಿದೆ. ತೋಟಕ್ಕೆ ಹೋದ ಯುಗಾದಿಗೇ ಬೇಲಿ ಬಿತ್ತೆಂದೂ, ಭಾವ ಗೌನಿಪಲ್ಲಿಯ ಮಂಡಿಯಲ್ಲಿ ಮಾವಿನಕಾಯಿ ಜೋಡಿಸುವ ಕೂಲಿಗೆ ಹೋಗುತ್ತಾರೆಂದೂ ಹೋಳೂರಿನವರಿಂದ ತಿಳಿಯಿತು. ನೀವು ಕೋರ್ಟಿನಲ್ಲಿ ಹಾಕಿದ ಕೇಸು ಮಾರ್ಚ್ ಒಂಬತ್ತಕ್ಕೆ ಬರುತ್ತದೆಂದೂ ತಿಳಿಯಿತು.

ನೀನು ಕೇಳಿದ್ದಕ್ಕೆ ಉತ್ತರ. ನೀನು ಏಪ್ರಿಲ್‌ನಲ್ಲಿ ಬರೆದಾಗ ತಾರೀಕು ನನಗೆ ಗೊತ್ತಿತ್ತು. ಡಂಗೂರ ಆಗುತ್ತದೆಂದು ಆಗ ನಿಜವಾಗಿ ನಂಬಿದ್ದೆ. ಜೂನ್‌ನಲ್ಲಿ ದಿನ ಸಾಲದೆಂದು ಎಲ್ಲ ಮಹಜರುಗಳನ್ನೂ ಕಚೇರಿಯಲ್ಲೇ ಬರೆಯಲು ಹೇಳಿದರು. ದಿನಕ್ಕೆ ಹತ್ತರಂತೆ ಬರೆದೆ. ಬಂಡಪಲ್ಲಿ ಬಂದಾಗ ಪೆನ್ನು ನಿಂತಿತು, ಆಮೇಲೆ ಬರೆದೆ. ಇಪ್ಪತ್ತಮೂರಕ್ಕೆ ನಿನ್ನ ಪತ್ರ ಓದಿದಾಗ ಇನ್ನೂ ಏಳು ದಿನ ಇತ್ತು. ಬಸ್ಸು ಹತ್ತಿದ್ದರೆ ಅರ್ಧ ದಿನ. ಆದರೆ ನಿಮಗೆ ಹೋಗಿ ಹೇಳಿದರೆ, ಡಂಗೂರ ಆಗಿಲ್ಲವೆಂದು ನಾನೇ ಒಪ್ಪಿಕೊಂಡಂತಾಗುತ್ತದೆ ಎಂದು ತೋರಿತು. ಇದಕ್ಕಿಂತ ಚೆನ್ನಾಗಿ ನನಗೆ ಹೇಳಲು ಬಾರದು.

ಈಗ ಒಂದು ದಾರಿಯಿದೆ. ಇದರೊಂದಿಗೆ ಎರಡು ಹಾಳೆ ಇಟ್ಟಿದ್ದೇನೆ. ಮೊದಲನೆಯದು ನನ್ನ ಪ್ರಮಾಣಪತ್ರದ ನಕಲು. ಡಂಗೂರ ಸಾರಿದ್ದೇನೆಂದು ತೋಟಿ ಕದಿರಪ್ಪ ನನ್ನೆದುರು ಹೇಳಿದ, ಅವನ ಮಾತು ನಂಬಿ ಮಹಜರು ಬರೆದೆ, ಅದು ಸುಳ್ಳೆಂದು ಈಚೆಗೆ ತಿಳಿಯಿತು ಎಂದಿದೆ. ಎರಡನೆಯದು ಕದಿರಪ್ಪನ ಹೇಳಿಕೆ. ಮೈಗಳ್ಳತನದಿಂದ ಡಂಗೂರ ಸಾರದೆ ಸಾರಿದೆನೆಂದು ಹೇಳಿ ಹೆಬ್ಬೆಟ್ಟು ಒತ್ತಿದ್ದು ತಪ್ಪಾಯಿತು ಎಂದಿದೆ. ಎರಡೂ ಸೇರಿದರೆ ಮಹಜರು ಬೀಳುತ್ತದೆ, ನಿಮ್ಮ ಅರ್ಜಿಗೆ ಜೀವ ಬರುತ್ತದೆ ಎಂದು ಇಲ್ಲಿಯ ವಕೀಲರೊಬ್ಬರು ಹೇಳಿದ್ದಾರೆ. ನನ್ನ ನೌಕರಿಗೂ ಧಕ್ಕೆಯಿಲ್ಲ. ಕದಿರಪ್ಪನ ತೋಟಿ ಕೆಲಸ ಹೋಗಬಹುದು. ಹೆಚ್ಚೆಂದರೆ ಅದಕ್ಕೆಂದು ಅವನಿಗೆ ಬಿಟ್ಟಿರುವ ಒಂದು ಎಕರೆ. ತೋಟ ಬಂದ ಮೇಲೆ ನೀವೇ ಅವನನ್ನು ನೋಡಿಕೊಳ್ಳಬಹುದು.

ಅವನಿಗೆ ಓದಲು ಬಾರದು, ನಿನ್ನ ಮಾತು ಮೀರುವವನೂ ಅಲ್ಲ. ಗುರುತು ಹಾಕಿದ ಕಡೆ ಹೆಬ್ಬೆಟ್ಟು ಒತ್ತಿಸಿ, ತಿಂಗಳು ಮುಗಿಯುವುದರೊಳಗೆ ಕಳಿಸು. ಅದು ಬಂದ ದಿನ ನನ್ನದಕ್ಕೆ ಸಹಿ ಹಾಕುತ್ತೇನೆ.

ವೆಂಕಟರಾಯಪ್ಪ


ಬಂಡಪಲ್ಲಿ
೨೦ ಫೆಬ್ರವರಿ ೧೯೮೧

ವೆಂಕಟರಾಯಪ್ಪ,

ಎರಡು ಹಾಳೆಯೂ ಬಂದವು. ಈ ಸಲವೂ ಒಂದೂ ಚಿತ್ತಿಲ್ಲ.

ಮೂರು ದಿನ ಅಕ್ಕಿಡಬ್ಬದಲ್ಲಿ ಇಟ್ಟಿದ್ದೆ. ಇಡದೆ ಹರಿದು ಹಾಕಿದೆ ಎಂದು ಬರೆಯಬಹುದಿತ್ತು, ಆದರೆ ನಿಜ ಅದಲ್ಲ. ತೋಟ ನನಗೆ ಬೇಕು. ಬೇಲಿಯ ಪಕ್ಕದ ದಾರಿಯಲ್ಲೇ ನೀರಿಗೆ ಹೋಗುತ್ತೇನೆ. ಹೂವು ಬಂದಿದೆ, ಔಷಧಿ ಹೊಡೆದಿಲ್ಲ, ಜಿಗಿಹುಳ ಹತ್ತಿದ್ದು ದಾರಿಯಿಂದಲೇ ಕಾಣುತ್ತದೆ. ಹೇಳೋಣವೆಂದರೆ ಅದು ನಮ್ಮದಲ್ಲ.

ನಾಲ್ಕನೆಯ ದಿನ ನಿನ್ನ ಭಾವನಿಗೆ ಎಲ್ಲ ಹೇಳಿದೆ. ಅಕ್ಷರ ಯಾರದೆಂಬುದನ್ನೂ ಹೇಳಿದೆ. ಅವರು ನಗಲಿಲ್ಲ. ಬೀಡಿ ಹಚ್ಚಿ, "ಒತ್ತಿಸೇ" ಎಂದರು.

"ಓದಿ ಹೇಳಿಬಿಟ್ಟು ಒತ್ತಿಸ್ಲಾ?"

"ಓದಿ ಹೇಳಿದ್ರೆ ಯಾವನೇ ಒತ್ತಾನು? ನಮಗೆ ಯಾರು ಓದಿ ಹೇಳಿದ್ರು? ನಲವತ್ತು ಊರಿನೋರು ಒತ್ತಿದ್ದು ಓದಿಸಿಕೊಂಡಾ?"

ನೀನಾಗಿದ್ದರೆ ಏನು ಹೇಳುತ್ತಿದ್ದೆಯೋ. ಅವರ ಮೇಲೆ ನನಗೆ ಕೋಪವಿಲ್ಲ. ಮೂವತ್ತು ವರ್ಷ ಅವರು ನೀರು ಹೊತ್ತ ಮರಗಳು.

ಮಧ್ಯಾಹ್ನ ಕದಿರಪ್ಪನ ಹೆಂಡತಿ ಮುತ್ಯಾಲಮ್ಮ ಮಜ್ಜಿಗೆಗೆ ಬಂದಿದ್ದಳು. "ನಿಮ್ಮ ಕೇಸು ಏನಾಯ್ತಮ್ಮ?" ಎಂದು ಕೇಳಿದಳು. "ಒಂದು ಹೆಬ್ಬೆಟ್ಟು ಬೇಕು ಕಣೇ" ಎಂದೆ. "ನಮ್ಮವನು ಬಂದ ಮೇಲೆ ಹಾಕಿಸ್ಕೊಳ್ಳಿ, ಅದಕ್ಕೇನು" ಎಂದಳು. ಏನು ಬರೆದಿದೆ ಎಂದು ಕೇಳಲಿಲ್ಲ. ನಿನ್ನ ಲೆಕ್ಕದಲ್ಲಿ ಇವಳು ಯಾವ ಬಗೆಯ ಅಜ್ಞಾನಿಯೋ ನನಗೆ ತಿಳಿಯದು. ನಾನು ಓದಬಲ್ಲವಳು ಎಂಬುದೇ ಅವಳಿಗೆ ಸಾಕಾಗಿತ್ತು. ನನಗೂ ಒಂದು ಕಾಲದಲ್ಲಿ ನೀನು ಕಚೇರಿಯವನು ಎಂಬುದೇ ಸಾಕಾಗಿತ್ತು.

ಕದಿರಪ್ಪ ಮಗಳ ಊರಾದ ಆವನಿಗೆ ಹೋಗಿದ್ದಾನೆ, ನಾಡಿದ್ದು ಭಾನುವಾರ ಬರುತ್ತಾನೆ. ಅವನನ್ನು ಮನೆಗೆ ಕರೆದು ಎರಡೂ ಹಾಳೆಯನ್ನು ತೆಲುಗಿನಲ್ಲಿ ಓದಿ ಹೇಳುತ್ತೇನೆ. ಮೈಗಳ್ಳತನ ಎಂಬ ಮಾತನ್ನೂ ಬಿಡುವುದಿಲ್ಲ. ಆಮೇಲೆ ಜೂನ್ ಹನ್ನೊಂದರ ಮಹಜರನ್ನು ಓದುತ್ತೇನೆ, ಬರೆದವನು ಯಾರೆಂದೂ ಹೇಳುತ್ತೇನೆ. ಒತ್ತಿದರೆ ಅವನ ಒಂದು ಎಕರೆ ಹೋಗಬಹುದು, ನಮ್ಮ ಮೂರು ಎಕರೆ ಬರಬಹುದು, ಎಂಬುದನ್ನೂ ಹೇಳುತ್ತೇನೆ. ಕೇಳಿದ ಮೇಲೆ ಅವನು ಒತ್ತಿದರೆ ಒತ್ತಲಿ. ಒತ್ತದೆ, ನಡೆದದ್ದು ನಡೆದಂತೆ ಕೋರ್ಟಿನಲ್ಲಿ ಹೇಳುತ್ತೇನೆಂದರೆ ಒಂಬತ್ತನೆಯ ತಾರೀಕು ಅವನ ಜೊತೆ ನಾನು ಹೋಗುತ್ತೇನೆ. ಆಗ ನಿನ್ನ ಹೆಸರು ಬರುತ್ತದೆ. ನಿನಗೆ ಮುಂಚೆ ತಿಳಿಸಬೇಕು ಅನ್ನಿಸಿತು, ಅದಕ್ಕೆ ಬರೆದೆ.

ನಿನ್ನ ಭಾವನಿಗೆ ಇದನ್ನು ಇನ್ನೂ ಹೇಳಿಲ್ಲ.

ಭಾರತಮ್ಮ